ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಎದೆ ಹೊಡೆದುಕೊಳ್ಳತೊಡಗಿದರೆ ಕಾಶವ್ವನ ಗಂಡನ ಮುಖ ಬಿಳಿಚಿ ಬೆವರಿಳಿಯುತ್ತಿತ್ತು. ಆಮೇಲೆ ಕೈಗೆ ಸಿಕ್ಕಿದ್ದು ಅವಳ ಮೈಮೇಲೆ ಬೀಳುತ್ತಿತ್ತು. ಈ ಸಲ ಬಂದು ತುಟಿ ಒಡೆದದ್ದು, ಒಂದು ಇಡೀ ದಿನದ ಮೂತ್ರ ಹಿಡಿದು ತರಲು ಆಸ್ಪತ್ರೆಯವರು ಕೊಟ್ಟಿದ್ದ ಕ್ಯಾನು.

"ನನ್ನ ಉಚ್ಚಿ ಊರ ಮಂದಿಗೆ ತೋರಸ್ತಿ ಏನ?" ಎಂದು ಬಿದ್ದವಳ ಪಕ್ಕೆಗೆ ಒದ್ದ.

ಖಾಲಿ ಕ್ಯಾನು ಒಯ್ದರೆ ಮತ್ತೆ ಕಳಿಸುತ್ತಾರೆ, ಮತ್ತೆ ಒದೆ ಬೀಳುತ್ತದೆ. ಕಾಶವ್ವ ತನ್ನದನ್ನೇ ತುಂಬಿಸಿ ಕೊಟ್ಟಳು.

ನಾಲ್ಕನೆಯ ದಿನ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದರು.

"ನಿಮ್ಮ ಯಜಮಾನ್ರಿಗೆ ಹಿಂದ ಪುಪ್ಪುಸದ ಕ್ಯಾನ್ಸರ್ ಆಗಿತ್ತಲ್ಲ, ಅದೇ ಈಗ ಕಿಡ್ನಿ ಮ್ಯಾಲಿನ ಗ್ರಂಥಿಗೆ ಹಬ್ಬೇದೇನು ಅಂತ ಸೂಜಿ ಹಾಕಿ ನೋಡಬೇಕು. ಆದ್ರ ಅದು ಹಾರ್ಮೋನ್ ಸುರಿಸೋ ಗಡ್ಡಿ ಆಗಿದ್ರ, ಸೂಜಿ ತಾಕಿದ ಕೂಡ್ಲೆ ಬಿಪಿ ಏರಿ ಟೇಬಲ್ ಮ್ಯಾಲೇ ಜೀವ ಹೋಗ್ತದ. ಕ್ಯಾನಿನ ರಿಪೋರ್ಟಿನ್ಯಾಗೇನೋ ಆ ಹಾರ್ಮೋನ್ ಹೆಚ್ಚಿಲ್ಲ ಅಂತ ಬಂದದ. ಆದ್ರೂ ಕೇಳ್ತೀನಿ. ಅವರಿಗೆ ಒಮ್ಮಿಂದೊಮ್ಮೆಲೇ ಬೆವರು, ಎದಿ ಬಡಿತ, ಸಿಟ್ಟು ಬರ್ತದೇನು?"

ಕಾಶವ್ವ ಒಡೆದ ತುಟಿಯ ಮೇಲೆ ಸೆರಗು ಎಳೆದುಕೊಂಡಳು.

"ಇಲ್ರೀ. ಭಾಳ ಶಾಂತ ಮನಷ್ಯಾರು. ಸೂಜಿ ಹಾಕ್ರಿ."