ಸಂಪು ಮುಗಿಯುವ ತನಕ

“ಆಟ ಇಲ್ಲರಿ ಭಾಬಿ. ಆಟಗಾರರು ಸಂಪು ಹೂಡ್ಯಾರ, ಪಗಾರ ಹೆಚ್ಚಾಗೂತನಕ ಆಡಂಗಿಲ್ಲಂತ.”

ಪಡಸಾಲೆಯಿಂದ ಓಣಿಯ ಪ್ರಲ್ಹಾದ ಹೀಗೆ ಹೇಳಿದಾಗ ಪರದೆಯ ಒಳಗೆ ಕೂತಿದ್ದ ಮಾಶಾಬಿಯ ಎದೆ ಧಸಕ್ಕೆಂದಿತು. ಗಂಡ ರಸೂಲಸಾಬ ತೀರಿಕೊಂಡು ನಲವತ್ತು ದಿನ ಕಳೆದಿತ್ತು. ಇದ್ದತ್ತಿನ ಹೆಂಗಸು, ಇನ್ನೂ ಕೆಲವು ತಿಂಗಳು ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಆದರೂ ಅಂದು ಆಕೆಯೇ ಬಾಯಿಬಿಟ್ಟು ಹೇಳಿದ್ದಳು, “ಇವತ್ತ ಐತವಾರ. ರೇಡಿಯೋ ಹಚ್ಚರಿ. ಅವರಿದ್ದಾಗ ಹೆಂಗ ಗದ್ದಲ ಹಾಕತಿದ್ರಿ, ಹಂಗ ಹಾಕ್ರಿ.”

ರಸೂಲಸಾಬ ರೈಲ್ವೆಯಲ್ಲಿದ್ದ. ಹರೆಯದಲ್ಲಿ ಮುಂಬೈಗೆ ಹೋದಾಗ ಫುಟ್‌ಬಾಲಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಅಲ್ಲಿಯ ಮಿಲ್ಲೊಂದು ಪಗಾರ ಕೊಟ್ಟು ಆಡಿಸುವ ತಂಡವೆಂದರೆ ಅವನಿಗೆ ಜೀವ. ಆ ಹುಚ್ಚನ್ನು ಓಣಿಗೂ ಅಂಟಿಸಿದ್ದ. ಭಾನುವಾರ ಮಧ್ಯಾಹ್ನ ರೇಡಿಯೋದ ಸುತ್ತ ಜನ ಸೇರಿದರೆ, ಒಂದೊಂದು ಗೋಲಿಗೂ ಮಾಳಿಗೆಯ ಮಣ್ಣು ಉದುರುವ ಹಾಗೆ ಕೂಗು. ಮಾಶಾಬಿಗೆ ಆಟ ತಿಳಿಯದು. ಆ ಕೂಗು ಮಾತ್ರ ಬೇಕು. ಮಕ್ಕಳಿಲ್ಲದ ಮನೆಗೆ ಅದೇ ಹಬ್ಬ.

“ಸುಮ್ಮನ ಇಟ್ರ ಸೆಲ್ಲು ಸೋರತಾವ ಭಾಬಿ,” ಎಂದು ಸೈಕಲ್ ರಿಪೇರಿಯ ಹುಸೇನಸಾಬ ರೇಡಿಯೋದ ಸೆಲ್ಲುಗಳನ್ನು ಬಿಚ್ಚಿಕೊಂಡ. “ಸಂಪು ಮುಗಿದ ದಿನ ಹಾಕೂಣು.”

ಇನ್ನು ಇವರು ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂದರು. ಮರುದಿನ ಸಂಜೆಯೇ ಬಂದರು. ಆಮೇಲೆ ದಿನಾ ಸಂಜೆ ಬಂದು ಪಡಸಾಲೆಯಲ್ಲಿ ಕೂತು ಸಂಪಿನ ಸುದ್ದಿ ಹೇಳತೊಡಗಿದರು. ಪ್ರಲ್ಹಾದ ಕಚೇರಿಯ ಕಾರಕೂನ. ಹೊರಗಿನ ಸುದ್ದಿ ಅವನಿಗೆ ಗೊತ್ತಿರಲೇಬೇಕು.

“ಹನ್ನೊಂದ ಮಂದಿನೂ ಸಂಪಿಗೆ ಕುಂತಾರೇನು?” ಎಂದು ಮಾಶಾಬಿ ಪರದೆಯ ಹಿಂದಿನಿಂದ ಕೇಳಿದಳು.

“ಹನ್ನೊಂದ ಮಂದಿನೂರಿ.”

“ಗೋಲ್ ಕಾಯಾವನೂ? ಅವ ನಿಂತಲ್ಲೇ ನಿಂತಿರತಾನ ಅಂತ ನಮ್ಮವರು ಹೇಳತಿದ್ರು. ಅವಗೇನ ಕಡಿಮಿ ಬಿತ್ತು?”

“ನಿಂತೂ ನಿಂತೂ ಕಾಲ ಹಿಡದಾವಂತ,” ಎಂದ ಹುಸೇನಸಾಬ. ಪ್ರಲ್ಹಾದನಿಗೆ ನಗೆ ಬಂದು, ಅದು ಕೆಮ್ಮಾಗಿ ಹೊರಬಿತ್ತು.

ಮಾಶಾಬಿ ನಗಲಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ರೈಲಿನವರ ದೊಡ್ಡ ಸಂಪು ನಡೆದಿತ್ತು. ರಸೂಲಸಾಬ ಮನೆಯಲ್ಲಿ ಕೂತಿದ್ದ. ಒಲೆ ಹೊತ್ತದ ದಿನ ಹೇಗಿರುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಆ ಗೋಲ್ ಕಾಯಾವನ ಹೇಣ್ತಿ ಏನ ಮಾಡತಾಳ ಈಗ?”

“ಹಪ್ಪಳ... ಹಪ್ಪಳ ಮಾಡಿ ಮಾರತಾಳಂತರಿ,” ಎಂದ ಪ್ರಲ್ಹಾದ.

ಮರುವಾರ ಅದೇ ಹೆಂಗಸು ಹೊಲಿಗೆ ಮಷೀನು ತುಳಿಯುತ್ತಿದ್ದಳು. ಪಾಪ, ಒಂದೇ ಜೀವ ಎಷ್ಟು ಕಡೆ ದುಡಿಯಬೇಕು ಎಂದು ಮಾಶಾಬಿ ಮರುಗಿದಳು. ನಮಾಜಿನಲ್ಲಿ ಗಂಡನ ಆತ್ಮಕ್ಕೆ ಶಾಂತಿ ಬೇಡಿದ ಮೇಲೆ ಆ ಹನ್ನೊಂದು ಮನೆಗಳ ರೊಟ್ಟಿಗಾಗಿಯೂ ಬೇಡುತ್ತಿದ್ದಳು.

ಭಾನುವಾರದ ಸಂಜೆಗಳಲ್ಲಿ ಮಾತ್ರ ಬಂದವರೆಲ್ಲರ ಗಂಟಲು ಕಟ್ಟಿರುತ್ತಿತ್ತು. “ಧೂಳರಿ ಭಾಬಿ, ಗಾಳಿ ಎದ್ದೈತಿ,” ಎನ್ನುವರು. ಪಕ್ಕದ ಮನೆಯ ಲಕ್ಕವ್ವನ ಕೈಯಲ್ಲಿ ಮಾಶಾಬಿ ಶುಂಠಿ ಕಷಾಯ ಕೊಟ್ಟು ಕಳಿಸುವಳು.

ಟಿಕೋಟಾದಿಂದ ತಂಗಿ ಸಬೀರಾ ಬಂದವಳು ಗದರಿಸಿ ಹೋಗಿದ್ದಳು: “ಒಬ್ಬಾಕಿ ಗ್ವಾಡಿ ನೋಡಕೋತ ಕೂಡತಿಯೇನ? ಇದ್ದತ್ತು ಮುಗಿದ ಕೂಡಲೇ ಬೀಗ ಹಾಕಿ ನಮ್ಮ ಮನಿಗೆ ಬಾ.” ಹೋದರೆ ತಿರುಗಿ ಬರುವುದಿಲ್ಲ ಎಂದು ಮಾಶಾಬಿಗೆ ಗೊತ್ತಿತ್ತು. ಸಂಪು ಮುಗಿಯಲಿ, ಆ ಕೂಗು ಒಮ್ಮೆ ಕೇಳಿ ಆಮೇಲೆ ನೋಡೋಣ ಎಂದುಕೊಂಡಳು.

ಇದ್ದತ್ತು ಮುಗಿಯಿತು. ಸಂಪು ಮುಗಿಯಲಿಲ್ಲ.

ಆಟದ ಆಸೆಗೆ ಬರುವ ಮಂದಿ. ಆಟವೇ ಇಲ್ಲದಿದ್ದರೆ ಎಷ್ಟು ದಿನ ಬಂದಾರು? ಒಂದು ದಿನ ಪ್ರಲ್ಹಾದ ಬಾರದೆ ಉಳಿದಾನು, ಇನ್ನೊಂದು ದಿನ ಹುಸೇನಸಾಬ. ಆ ಖಾಲಿ ಪಡಸಾಲೆಯನ್ನು ನೋಡುವುದಕ್ಕಿಂತ ಮೊದಲೇ ಎದ್ದು ಹೋಗುವುದು ಒಳ್ಳೆಯದು. ಶನಿವಾರ ಸಂಜೆ ಕೇಳಿದಳು, “ಈ ಸಂಪು ಮುಗಿಯೂದ ಇಲ್ಲೇನು?”

“ಮುಗೀತೈತ್ರಿ ಭಾಬಿ. ಮಾತುಕತಿ ನಡದೈತಿ.”

“ಮುಗೀಲಿಲ್ಲಂದ್ರೂ ಬರತೀರೇನು?” ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಕೇಳಲಿಲ್ಲ. ಟಿಕೋಟಾಕ್ಕೆ ಹೋಗುವ ಸುದ್ದಿಯನ್ನೂ ಹೇಳಲಿಲ್ಲ. ಹೇಳಿದ ಮೇಲೆ ಅವರು ಹೋಗಬೇಡರಿ ಎನ್ನದೆ ಕೂತರೆ, ಅದನ್ನು ತಡೆದುಕೊಳ್ಳುವ ಶಕ್ತಿ ಆಕೆಗೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬುರ್ಖಾ ಹಾಕಿಕೊಂಡು, ಗಂಟನ್ನು ಲಕ್ಕವ್ವನ ಕೈಗೆ ಕೊಟ್ಟು, ಟಿಕೋಟಾದ ಬಸ್ಸಿಗೆಂದು ಸ್ಟೇಷನ್ ರಸ್ತೆ ಹಿಡಿದಳು. ಚಹಾದ ಹೋಟೆಲಿನ ಮುಂದೆ ಬರುತ್ತಿದ್ದಂತೆ ಒಳಗಿನಿಂದ ಸಿಡಿಲಿನಂಥ ಕೂಗು.

“ಹೊಡಿ ಲೇ! ಹೊಡಿ!”

ಹುಸೇನಸಾಬನ ದನಿ. ಅದರ ಮೇಲೆ ಪ್ರಲ್ಹಾದನದು. ಅದರ ಹಿಂದೆ ರೇಡಿಯೋದವನ ಏದುಸಿರು.

ಮಾಶಾಬಿಯ ಕಾಲು ನಿಂತವು. ಅಂದರೆ ಸಂಪು ಮುಗಿದಿದೆ. ತನಗೆ ಹೇಳಲಿಲ್ಲ. ಇವರಿಗೆ ಆಟ ಬೇಕಿತ್ತು, ಸಿಕ್ಕಿತು. ಮುದುಕಿಯ ಪಡಸಾಲೆ ಯಾರಿಗೆ ಬೇಕು? ಮುಸುಕಿನೊಳಗೆ ಕಣ್ಣು ತುಂಬಿ ಬಂದವು.

“ಬಸ್ ಬಿಡತೈತಿ, ನಡಿ ಬೇ,” ಎಂದಳು ಲಕ್ಕವ್ವ.

ಬಾಗಿಲಲ್ಲಿ ಹೋಟೆಲಿನವನು ಕಪ್ಪು-ಬಸಿ ತೊಳೆಯುತ್ತಿದ್ದ. ಸುಮ್ಮನೆ ಹೋಗಬೇಕೆಂದುಕೊಂಡರೂ ಆಗಲಿಲ್ಲ. “ಯಪ್ಪಾ, ಸಂಪು ಯಾವಾಗ ಮುಗೀತು?”

“ಯಾವ ಸಂಪು?” ಅವನು ತಲೆಯೆತ್ತಿದ. “ಈ ಹಂಗಾಮಿನ್ಯಾಗ ಒಂದ ಆಟನೂ ನಿಂತಿಲ್ಲ ಬೇ. ಈ ಮಂದಿಗೇ ಹುಚ್ಚ ಹಿಡದೈತಿ ನೋಡ, ಪ್ರತಿ ಐತವಾರ ಆಟ ಮುಗಿಯೂಕಿಂತ ಮೊದಲ ಎದ್ದು ಓಡತಾರ. ಯಾರೋ ಭಾಬಿ ಅಂತ. ಸಾವಾದ ಮನಿಯಾಗ ಒದರಬಾರದು, ಆದ್ರ ಆಕೀನ್ನ ಒಬ್ಬಾಕೀನ್ನ ಬಿಡಬಾರದು ಅಂತಾರ.”

ಮಾಶಾಬಿ ಲಕ್ಕವ್ವನ ಕೈಯಿಂದ ಗಂಟು ತೆಗೆದುಕೊಂಡಳು. “ಮನಿಗೆ ನಡಿ, ಲಗು ನಡಿ,” ಎಂದಳು. “ಅವರು ಬರೂ ಹೊತ್ತಾತು.”