ಯಜಮಾನನನ್ನು ಬೈಯುವ ಕಾರು

ಹರಾಜಿನಲ್ಲಿ ಹಳೆಯ ಕಾರು ಕೊಳ್ಳುವವರು ಪ್ರತಿ ಕಾರಿಗೂ ಒಂದು ಪ್ರಶ್ನೆ ಕೇಳಬಹುದು, ಅದು ಉತ್ತರಿಸಲೇಬೇಕು. ಆದರೆ ಅಕ್ಕರೆಯಿಂದ ನೋಡಿಕೊಂಡ ಯಜಮಾನನಿಗಾಗಿ ಕಾರುಗಳು ಸುಳ್ಳು ಹೇಳುತ್ತವೆಂಬುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನೀಲಾಂಬಿಕೆಯ ಗಂಡನಿಗೆ ವಾರಕ್ಕೆ ಮೂರು ಸಲ ಧಾರವಾಡದಲ್ಲಿ ಡಯಾಲಿಸಿಸ್. ನಡುದಾರಿಯಲ್ಲಿ ಕೈಕೊಡುವ ಗಾಡಿಯನ್ನು ಅವಳು ಕೊಳ್ಳುವಂತಿರಲಿಲ್ಲ. ಬಿಳಿ ಕಾರಿನ ಮುಂದೆ ನಿಂತು, "ನಿನಗೇನರ ರೋಗ ಐತೇನು?" ಎಂದಳು.

"ಏನೂ ಇಲ್ರಿ ಅಕ್ಕಾರ. ನಮ್ಮ ಸಾಹೇಬ್ರು ದೇವರಂಥವರು."

"ಮತ್ತೇನು ಬೇಕ್ರಿ? ಕೂಗ್ರಿ," ಎಂದ ಜೊತೆಗೆ ಬಂದಿದ್ದ ಮೆಕ್ಯಾನಿಕ್ ದಾವಲಸಾಬ.

"ದೇವರಿಗೋಸ್ಕರ ಯಾರು ಸುಳ್ಳು ಹೇಳಂಗಿಲ್ಲ, ದಾವಲಣ್ಣಾ?"

ಪಕ್ಕದ ನೀಲಿ ಕಾರಿಗೂ ಅವಳು ಅದೇ ಪ್ರಶ್ನೆ ಹಾಕಿದಳು.

"ಬ್ರೇಕ್ ಸವದಾವು. ಕ್ಲಚ್ ಹೋಗೂ ಹಂಗ ಐತಿ. ಆಯಿಲ್ ಬದಲಿಸಿ ಎರಡು ವರ್ಷ ಆತು. ಆ ಮನಷ್ಯಾನ ಹೆಸರು ತಗೀಬ್ಯಾಡ್ರಿ."

ದಾವಲಸಾಬ ನಕ್ಕ. ನೀಲಾಂಬಿಕೆ ಮಾತ್ರ ಒಂದೊಂದು ದೋಷವನ್ನೂ ಚೀಟಿಯಲ್ಲಿ ಬರೆದುಕೊಂಡಳು. ಗೊತ್ತಿರುವ ರೋಗಕ್ಕೆ ಮದ್ದುಂಟು ಎಂದುಕೊಂಡು ಕೈ ಎತ್ತಿದಳು. ಕಾರು ಅವಳದಾಯಿತು.

ಒಳಗೆ ಕುಳಿತು ಕೀಲಿ ತಿರುಗಿಸಿದರೆ ಅದು ಅಲುಗಲಿಲ್ಲ.

"ಸೀದಾ ದಾವಲಣ್ಣನ ಗ್ಯಾರೇಜಿಗೆ ಹೋಗೂಣು. ಇವತ್ತ ಹೊಸ ಬ್ರೇಕ್ ಹಾಕಸ್ತೀನಿ," ಎಂದಳು ನೀಲಾಂಬಿಕೆ.

"ಆ ಹಳೇ ಮಾಲಕನೂ ಮೊದಲನೇ ದಿನ ಹಿಂಗ ಅಂದಿದ್ದ," ಎನ್ನುತ್ತ ಕಾರು ಅನುಮಾನದಿಂದಲೇ ಚಾಲೂ ಆಯಿತು.