ಮೀಡಿಯಂ ಸೈಜಿನ ಕೆಂಪು ಜೆರ್ಸಿ

"ಇದು ನನ್ನ ಮಗಳಲ್ಲ. ಅಂಗಡಿಯವನನ್ನ ಕರೆಸಿ, ಅವನ ಬಾಯಲ್ಲೇ ಹೇಳಿಸ್ತೀನಿ."

ಶವಾಗಾರದ ಗುಮಾಸ್ತ ಚಾಚಿದ ಪೆನ್ನನ್ನು ತಾಯಿ ಹಿಂದಕ್ಕೆ ತಳ್ಳಿದಳು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಮಡಚಿಟ್ಟ ಕೆಂಪು ಜೆರ್ಸಿ, ಮೀಡಿಯಂ ಸೈಜು. ಅದರ ಬಣ್ಣ ಅರ್ಧಕ್ಕರ್ಧ ನೀರು ಪಾಲಾಗಿತ್ತು.

ಫುಟ್‌ಬಾಲ್ ಪಂದ್ಯಕ್ಕೆ ಅಭಿಮಾನಿಗಳನ್ನು ತುಂಬಿಕೊಂಡು ಹೊರಟ ದೋಣಿ ಮಗುಚಿ ಹನ್ನೊಂದು ದಿನವಾಗಿತ್ತು. ಸಿಗದೆ ಉಳಿದವರು ಇಬ್ಬರು ಹುಡುಗಿಯರು. ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಎತ್ತರ, ಇಬ್ಬರ ಮೈಮೇಲೂ ಕ್ಲಬ್ಬಿನ ಕೆಂಪು. ನಿನ್ನೆ ಅವರಲ್ಲಿ ಒಬ್ಬಳು ಸಿಕ್ಕಿದ್ದಳು. ಮುಖ ನೋಡಿ ಹೇಳುವ ಹಾಗಿರಲಿಲ್ಲ. ಲ್ಯಾಬಿನ ಪರೀಕ್ಷೆಗೆ ಆರು ವಾರ ಬೇಕು. ಅಷ್ಟು ದಿನ ಕಾಯಬಹುದು, ಇಲ್ಲವೇ ಬಟ್ಟೆ ಗುರುತಿಸಿ, ಸಹಿ ಹಾಕಿ ಒಯ್ಯಬಹುದು ಎಂದಿದ್ದ ಗುಮಾಸ್ತ.

ಇನ್ನೊಬ್ಬ ಹುಡುಗಿಯ ತಾತ ಬೆಂಚಿನ ತುದಿಯಲ್ಲಿ ಕೂತಿದ್ದ. ಮೊಮ್ಮಗಳ ಜೆರ್ಸಿ ಎಲ್ಲಿಯದು ಎಂದು ತಾಯಿ ಕೇಳಿದ್ದಕ್ಕೆ, ಸ್ಟೇಡಿಯಂ ಹೊರಗೆ ಗಾಡಿಯಲ್ಲಿ ರಾಶಿ ಹಾಕಿ ಮಾರುವಂಥದ್ದು, ತಾನೇ ಚೌಕಾಸಿ ಮಾಡಿ ಕೊಡಿಸಿದ್ದು ಎಂದು ನೆಲ ನೋಡುತ್ತ ಹೇಳಿದ್ದ.

ತಾಯಿಗೆ ಅಷ್ಟೇ ಬೇಕಿತ್ತು. ಗೋಡೆಯ ಜೆರ್ಸಿ ಕ್ಲಬ್ಬಿನ ಸ್ವಂತ ಅಂಗಡಿಯದು. ಗೋಡೆ ಅಂದರೆ ಮಗಳು. ಕಾಲೇಜು ತಂಡದ ಗೋಲ್‌ಕೀಪರ್. ಚೆಂಡನ್ನು ಒಳಗೆ ಬಿಡುವುದಿಲ್ಲವೆಂದು ಗೆಳತಿಯರಿಟ್ಟ ಹೆಸರು, ಮನೆಯಲ್ಲೂ ಅದೇ ನಿಂತುಹೋಗಿತ್ತು. ಆ ಅಂಗಡಿಯಲ್ಲಿ ಒಂದು ಜೆರ್ಸಿಯ ಬೆಲೆ ತಾಯಿಯ ಒಂದು ತಿಂಗಳ ಸಂಬಳ. ಅವಳು ಹೋಟೆಲೊಂದರ ಲಾಂಡ್ರಿಯಲ್ಲಿ ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಒಗೆದು ಮಡಚುವವಳು. ಮಗಳ ಹುಟ್ಟುಹಬ್ಬಕ್ಕೆ ಗಂಡ ಅದನ್ನು ತಂದಾಗ ಮೂರು ದಿನ ಮಾತು ಬಿಟ್ಟಿದ್ದಳು. ಆಮೇಲೆ ಬಾಯಿಬಿಟ್ಟಾಗಲೆಲ್ಲ ಅದೇ ಮಾತು: ಹರಿದ ಬ್ಯಾಗು ಹೊಲಿಯೋ ಮಹಾರಾಜರು ಮಗಳಿಗೆ ಪೀತಾಂಬರ ತಂದಿದ್ದಾರೆ. ಬಂದವರಿಗೂ ಹೋದವರಿಗೂ ಹೇಳಿ ನಗಿಸಿದ್ದಳು.

ಗಂಡ ಜೆರ್ಸಿಯನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ದುಬಾರಿ ಮಾಲು, ಲಾಂಡ್ರಿ ಕೈ ತಾಗಿದರೆ ಕೆಡುತ್ತದೆ ಎಂದು ತಾನೇ ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಹರವಿ, ಒಣಗಿದ ಕೂಡಲೇ ಕಪಾಟಿನೊಳಗೆ ಇಡುತ್ತಿದ್ದ. ಇಸ್ತ್ರಿಯನ್ನಂತೂ ಹತ್ತಿರ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ನಿಮ್ಮ ಕಾಲುಚೀಲ ಒಗೆದವಳಿಗೆ ಒಂದು ಅಂಗಿ ಒಗೆಯೋಕೆ ಬರಲ್ವಾ ಎಂದು ಅವಳು ಹಂಗಿಸಿದರೆ ಗೋಡೆ ಬಿದ್ದು ಬಿದ್ದು ನಗುತ್ತಿದ್ದಳು.

ಈಗ ಆ ದುಂದುವೆಚ್ಚವನ್ನೇ ತಾಯಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಚೀಲದಲ್ಲಿರುವುದು ಒರಿಜಿನಲ್ ಆದರೆ ಗೋಡೆ ಇಲ್ಲ. ಡೂಪ್ಲಿಕೇಟ್ ಆದರೆ ಎಲ್ಲೋ ಇದ್ದಾಳೆ, ಯಾವುದೋ ಊರಿನ ಆಸ್ಪತ್ರೆಯಲ್ಲಿ, ಹೆಸರು ಹೇಳಲಾಗದೆ ಮಲಗಿದ್ದಾಳೆ.

"ಅವನನ್ನ ಕರೆಸೋದು ಬೇಡ," ಅಂದು ಬೆಳಗಿನಿಂದ ಮೊದಲ ಸಲ ಗಂಡ ಮಾತಾಡಿದ. "ಆರು ವಾರ ತಾನೇ. ಕಾಯೋಣ."

"ಯಾಕ್ರೀ, ಹೆದರಿಕೆನಾ?"

"ಹೂಂ."

"ನಂಗಿಲ್ಲ."

ಕ್ಲಬ್ಬಿನ ಅಂಗಡಿಯ ಮ್ಯಾನೇಜರ್ ಮಧ್ಯಾಹ್ನ ಬಂದ. ನಕಲಿ ಮಾಲು ಸಿಕ್ಕಾಗಲೆಲ್ಲ ಪೊಲೀಸರು ಕರೆಯುತ್ತಿದ್ದುದು ಅವನನ್ನೇ. ರಾಶಿರಾಶಿ ಜೆರ್ಸಿ ನೋಡಿ ಅಭ್ಯಾಸವಿದ್ದವನು. ಒಂದೇ ಒಂದರ ಮುಂದೆ ನಿಂತು ಯಾಕೋ ಕೈ ಒರೆಸಿಕೊಂಡ. ಕೈಗವಸು ತೊಟ್ಟು ಜೆರ್ಸಿ ಹೊರತೆಗೆದ. ಕತ್ತುಪಟ್ಟಿ ತಿರುಗಿಸಿದ. ಲಾಂಛನಕ್ಕೆ ಪುಟ್ಟ ಟಾರ್ಚು ಹಿಡಿದ. ತಾಯಿ ಅವನ ಕೈಯನ್ನು ಬಿಟ್ಟು ಮುಖವನ್ನೇ ನೋಡುತ್ತಿದ್ದಳು. ಗಂಡ ಎದ್ದು ಹೋಗಿ ಕಿಟಕಿಗೆ ಮುಖ ಮಾಡಿ ನಿಂತ.

ಎರಡು ನಿಮಿಷವೂ ಆಗಲಿಲ್ಲ.

"ಡೂಪ್ಲಿಕೇಟ್."

ಅಸಲಿಯಲ್ಲಿ ಲಾಂಛನವನ್ನು ಬಿಸಿ ಮಾಡಿ ಒತ್ತಿರುತ್ತಾರೆ, ಇದರಲ್ಲಿ ದಾರದಲ್ಲಿ ಹೊಲಿದಿದ್ದಾರೆ, ಕತ್ತಿನ ಒಳಗೆ ಇರಬೇಕಾದ ಸಂಖ್ಯೆಯೂ ಇಲ್ಲ ಎಂದೆಲ್ಲ ವಿವರಿಸತೊಡಗಿದ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ತಾಯಿಗೆ ನಗು ಬಂತು. ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಬೈದಿದ್ದನ್ನೆಲ್ಲ ವಾಪಸು ತಗೊಂಡೆ ಕಣ್ರೀ ಎಂದು ಗಂಡನ ಬೆನ್ನಿಗೆ ಹೇಳಿದಳು. ಇನ್ನು ಜನ್ಮದಲ್ಲಿ ನಿಮ್ಮ ಖರ್ಚಿನ ಬಗ್ಗೆ ಒಂದು ಮಾತಾಡಲ್ಲ, ನಡೀರಿ, ಇವತ್ತೇ ಇನ್ನಷ್ಟು ಆಸ್ಪತ್ರೆ ಸುತ್ತೋಣ ಎಂದಳು. ಅಷ್ಟರಲ್ಲಿ ತಾತ ಕಣ್ಣಿಗೆ ಬಿದ್ದ. ಅವಳ ಮಾತು ಅಲ್ಲೇ ನಿಂತಿತು.

ತಾತ ಎದ್ದಿದ್ದ. ಬೆಂಚಿನಿಂದ ಮೇಜಿಗೆ ನಾಲ್ಕು ಹೆಜ್ಜೆ. ಬಹಳ ಹೊತ್ತು ಹಿಡಿಯಿತು. ಅಂಗಡಿಗೇ ಕರ್ಕೊಂಡು ಹೋಗು ಅಂತ ಕೇಳಿದ್ದಳು, ನಾನೇ ಜಿಪುಣತನ ಮಾಡಿದೆ ಎಂದು ಯಾರಿಗೂ ಅಲ್ಲದಂತೆ ಗೊಣಗಿಕೊಂಡ. ಜೆರ್ಸಿಯ ತೋಳನ್ನು ಎರಡು ಬೆರಳಲ್ಲಿ ಸವರಿದ.

"ಬಾ ಪುಟ್ಟಿ, ಮನೆಗೆ ಹೋಗೋಣ."

ಗುಮಾಸ್ತ ಫಾರಂ ಅನ್ನು ಅವನ ಕಡೆ ತಿರುಗಿಸಿ ಸಹಿಯ ಜಾಗ ತೋರಿಸಿದ. ಪೆನ್ನು ಕಾಗದಕ್ಕೆ ತಾಗುವ ಮೊದಲು ಕಿಟಕಿಯ ಬಳಿಯಿಂದ ಗಂಡ ಬಂದು, ಜೆರ್ಸಿಯ ಎಡ ತೋಳೆತ್ತಿ ನೋಡಿ, ಮುದುಕನ ಮುಂಗೈ ಹಿಡಿದುಕೊಂಡ.

"ಪೆನ್ನು ಇಲ್ಲಿ ಕೊಡಿ ತಾತ. ಎಡ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು, ಬ್ಯಾಗಿನ ದಾರದಲ್ಲಿ ಹಾಕಿದ್ದು ನಾನು. ಈ ಜೆರ್ಸೀನ ಗಾಡಿಯಿಂದ ತಂದಿದ್ದೂ ನಾನೇ."